ವ್ಯಾನಕ್ಕನ ಬದಲಿ ಎಂಜಿನ್

ವ್ಯಾನಕ್ಕ ಯಾರ ಮನೆಯ ಮುಂದೆಯೂ ಹಾರನ್ ಹೊಡೆಯುತ್ತಿರಲಿಲ್ಲ. ಬೀದಿಯ ತಿರುವಿನಲ್ಲಿ ವ್ಯಾನು ನಿಲ್ಲಿಸಿ, ಇಳಿದು ನಡೆದು ಬಂದು, ಬಾಗಿಲನ್ನು ಮೆಲ್ಲಗೆ ತಟ್ಟುತ್ತಿದ್ದರು. ಇನ್ನೂ ಬೆಳಕು ಹರಿಯದ ಹೊತ್ತು. ನಾನು ಬಾಗಿಲು ತೆಗೆದರೆ "ಎಂಗವ್ರೆ ಟೀಚರಮ್ಮ?" ಎನ್ನುವರು. ಕೇಳುವುದು ನಮ್ಮ ಯಜಮಾನರ ವಿಷಯ. ನನ್ನ ಉತ್ತರಕ್ಕೆ ಕಾಯದೆ, ಒಳಗೆ ಇಣುಕಿ ಮೊದಲು ಅವರ ಪಾದಗಳನ್ನು ನೋಡುವರು. ಪಾದ ಊದಿದ್ದರೆ ಮೈಯಲ್ಲಿ ನೀರು ನಿಂತಿದೆ ಎಂದು ಅರ್ಥ. ಊದಿದ್ದ ದಿನ ಏನೂ ಹೇಳದೆ ಅವರ ತೋಳು ಹಿಡಿದು ನಡೆಸಿಕೊಂಡು ಹೋಗುವರು. ಊದಿಲ್ಲದ ದಿನ, "ಇವತ್ತು ನೀವೇ ನಡ್ಕೊಂಡು ಬನ್ನಿ, ನಂಗೆ ಮಂಡಿನೋವು" ಎನ್ನುವರು.

ನಾವೆಲ್ಲ ಅವರನ್ನು ಕರೆಯುತ್ತಿದ್ದುದೇ ವ್ಯಾನಕ್ಕ ಎಂದು. ಅವರಿಗೊಂದು ಹೆಸರಿತ್ತು, ಅದನ್ನು ಇಲ್ಲಿ ಬರೆಯುವುದಿಲ್ಲ. ಯಾರೋ ಒಬ್ಬರು ಫೋಟೋ ತೆಗೆದು ಪತ್ರಿಕೆಗೆ ಹಾಕಿಸುತ್ತೇವೆ ಎಂದು ಬಂದಾಗ ಸೆರಗಿನಿಂದ ಮುಖ ಮುಚ್ಚಿಕೊಂಡು ವ್ಯಾನಿನ ಆಚೆ ಬದಿಗೆ ಹೋಗಿ ನಿಂತವರು ಅವರು. ಈಗ ಅವರು ಇಲ್ಲ ಎಂಬ ಕಾರಣಕ್ಕೆ ನಾನು ಆ ಸೆರಗನ್ನು ಎಳೆಯಬಾರದು.

ನಮ್ಮ ಯಜಮಾನರು ತಾಂಡ್ಯದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದರು. ಎರಡೂ ಕಿಡ್ನಿ ಕೈಕೊಟ್ಟ ಮೇಲೆ ಕೆಲಸ ಬಿಟ್ಟು ಮನೆಯಲ್ಲಿ ಕುಳಿತರು. ನಾನು ನರಸೀಪುರದ ಹೈಸ್ಕೂಲೊಂದರಲ್ಲಿ ಕನ್ನಡ ಪಾಠ ಮಾಡುತ್ತೇನೆ. ನಮ್ಮ ಊರಿನಲ್ಲಿ ಡಯಾಲಿಸಿಸ್‌ಗೆ ಸರದಿ ಸಿಗದೆ, ಕೊನೆಗೆ ನಂಜನಗೂಡಿನ ಒಂದು ಆಸ್ಪತ್ರೆಯಲ್ಲಿ ಬೆಳಗಿನ ಮೊದಲ ಸರದಿ ಸಿಕ್ಕಿತು. ವಾರಕ್ಕೆ ಎರಡು ಸಲ ಹೋಗಬೇಕು. ಆ ಹೊತ್ತಿಗೆ ತಲುಪಿಸುವ ಬಸ್ಸಿಲ್ಲ. ಇದ್ದರೂ, ರಕ್ತ ಶುದ್ಧಿ ಮಾಡಿಸಿಕೊಂಡು ಹೊರಗೆ ಬಂದವರಿಗೆ ಬಸ್ಸಿನಲ್ಲಿ ನಿಂತು ಬರುವಷ್ಟು ತ್ರಾಣ ಉಳಿದಿರುವುದಿಲ್ಲ. ವ್ಯಾನಕ್ಕನ ಹಳೆಯ ವ್ಯಾನು ಸಿಕ್ಕಿದ್ದು ನಮ್ಮ ಪುಣ್ಯ.

ಅದರಲ್ಲಿ ನಮ್ಮವರಲ್ಲದೆ ಇನ್ನಿಬ್ಬರು ಖಾಯಂ ರೋಗಿಗಳಿದ್ದರು. ಮೂಗೂರು ಕಡೆಯ ಒಬ್ಬ ಹುಡುಗಿ, ಮದುವೆ ಗೊತ್ತಾಗಿದ್ದ ವರ್ಷವೇ ಕಾಯಿಲೆ ಬಿದ್ದವಳು. ಜೊತೆಗೆ ಅವಳ ಅಣ್ಣ ಬರುತ್ತಿದ್ದ. ಇನ್ನೊಬ್ಬರು ದಾರಿಯ ಹಳ್ಳಿಯೊಂದರ ಅಡುಗೆ ಅಯ್ಯನವರು. ಮದುವೆಯಾಗದ ಮನುಷ್ಯ. ಮಠಗಳಲ್ಲಿ, ಮದುವೆ ಮನೆಗಳಲ್ಲಿ ಜೀವಮಾನವೆಲ್ಲ ಅಡುಗೆ ಮಾಡಿ, ಈಗ ಕಲ್ಯಾಣ ಮಂಟಪವೊಂದರ ಹಿಂದಿನ ಕೋಣೆಯಲ್ಲಿದ್ದರು. ತಾವೂ ಸೇರಿ ಉಪ್ಪಿಲ್ಲದ ಅನ್ನ ತಿನ್ನುವ ಈ ಮೂವರಿಗೆ ಅಯ್ಯನವರು ದಾರಿಯುದ್ದಕ್ಕೂ ಬಾಯಲ್ಲೇ ಅಡುಗೆ ಮಾಡಿ ಬಡಿಸುತ್ತಿದ್ದರು. ಹುಡುಗಿ "ಇವತ್ತು ಬಿಸಿಬೇಳೆಬಾತು ಅಯ್ಯ" ಎಂದರೆ ಸಾಕು, ಬೇಳೆ ತೊಳೆಯುವುದರಿಂದ ಶುರು. ತುಪ್ಪ ಕಾಯಿಸಿ ಒಗ್ಗರಣೆ ಹಾಕುವ ಹೊತ್ತಿಗೆ ವ್ಯಾನು ನಂಜನಗೂಡು ತಲುಪಿರುತ್ತಿತ್ತು. ವ್ಯಾನಕ್ಕ ನಗುತ್ತ, "ನಮ್ಗೂ ಒಂದೆಲೆ ಆಕಿ ಅಯ್ನೋರೆ" ಎನ್ನುವರು.

ಆದರೆ ಈ ಮೂವರ ಮುಂದೆ ಅವರು ನೀರು ಕುಡಿದದ್ದನ್ನು ನಾನು ಕಂಡಿಲ್ಲ. ಈ ಕಾಯಿಲೆಯವರು ನೀರನ್ನು ಅಳತೆ ಮಾಡಿ ಕುಡಿಯಬೇಕು. ಬೇಸಿಗೆಯಲ್ಲಿ ನಮ್ಮವರು ಒದ್ದೆ ಬಟ್ಟೆಯನ್ನು ತುಟಿಗೆ ಒತ್ತಿಕೊಂಡು ಕೂರುತ್ತಿದ್ದರು. ವ್ಯಾನಕ್ಕ ಬಾಯಾರಿದರೆ ಏನೋ ನೆಪ ಹೇಳಿ ವ್ಯಾನಿನ ಹಿಂದೆ ಹೋಗಿ ಕುಡಿದು, ಬಾಯಿ ಒರೆಸಿಕೊಂಡು ಬರುವರು. ಯಾರೂ ಹೇಳಿಕೊಟ್ಟದ್ದಲ್ಲ. ಅವರ ಗಂಡನೂ ಇದೇ ಕಾಯಿಲೆಯಲ್ಲಿ ಹೋದವರು.

ವ್ಯಾನು ಆ ಗಂಡನದ್ದು. ಆತ ತಾಂಡ್ಯದ ಕಾರ್ಖಾನೆಗಳಿಗೆ ಪಾಳಿಯ ಕೆಲಸಗಾರರನ್ನು ಸಾಗಿಸುತ್ತಿದ್ದರು. ಆತನಿಗೆ ಕಾಯಿಲೆ ಬಂದು ಸ್ಟೀರಿಂಗ್ ಹಿಡಿಯಲಾಗದೆ ಹೋದಾಗ, ಕಳಲೆಯ ಒಕ್ಕಲು ಮನೆಯಲ್ಲಿ ಹುಟ್ಟಿ ಸೈಕಲ್ಲನ್ನೂ ಮುಟ್ಟದಿದ್ದ ಈಕೆ ವ್ಯಾನು ಕಲಿತರು. ಗಂಡ ಪಕ್ಕದ ಸೀಟಿನಲ್ಲಿ ಕುಳಿತು, ಗೇರು ಬದಲಾಯಿಸಬೇಕಾದಾಗಲೆಲ್ಲ ಅವರ ಮಂಡಿಯನ್ನು ಬೆರಳಿನಿಂದ ತಟ್ಟುತ್ತಿದ್ದರಂತೆ. ಆಸ್ಪತ್ರೆಗೆ ಹೋಗಿಬರುತ್ತಲೇ ಕಲಿತು, ಲೈಸೆನ್ಸು ಮಾಡಿಸಿಕೊಂಡು, ಅಕ್ಕಪಕ್ಕದ ಊರಿನ ರೋಗಿಗಳನ್ನೂ ಜೊತೆಗೆ ಕೂರಿಸಿಕೊಳ್ಳತೊಡಗಿದರು. ಗಂಡ ತೀರಿಕೊಂಡ ವಾರವೂ ವ್ಯಾನು ನಿಲ್ಲಲಿಲ್ಲ. ಕಣ್ಣು ಕೆಂಪಗಿದ್ದ ಆಕೆ ಬಾಗಿಲು ತಟ್ಟಿದಾಗ ನಾನು ಗಾಬರಿಯಿಂದ, ಈ ಸಲ ನಾವೇ ಹೇಗೋ ಹೋಗುತ್ತೇವೆ ಎಂದೆ. ಅವರು ಹೇಳಿದ್ದು ಇಷ್ಟೇ:

"ಅವ್ರ್ದು ಮುಗೀತು ಟೀಚರಮ್ಮ. ನಿಮ್ದು ಮುಗ್ದಿಲ್ವಲ್ಲ."

ಇಂಥ ಹೆಂಗಸು ಒಂದೇ ಒಂದು ವಿಷಯದಲ್ಲಿ ತೀರಾ ಹಟಮಾರಿ. ಅದು ಆ ಎಂಜಿನ್ನು. ಗಂಡ ತನ್ನ ಕೈಯಾರೆ ಬಿಚ್ಚಿ, ಸವೆದದ್ದನ್ನೆಲ್ಲ ಬದಲಿಸಿ, ಮತ್ತೆ ಜೋಡಿಸಿದ್ದ ಎಂಜಿನ್ನು ಅದು. ಕಾಯಿಲೆ ಬರುವ ಮುಂಚೆ ಆತ ಮಾಡಿದ ಕೊನೆಯ ದೊಡ್ಡ ಕೆಲಸ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಅದು ಸ್ವಲ್ಪ ಕೆಮ್ಮಿದಂತೆ ಮಾಡಿ ಆಮೇಲೆ ಸರಿಹೋಗುತ್ತಿತ್ತು. ಆ ಸದ್ದು ಕೇಳುವವರೆಗೂ ವ್ಯಾನಕ್ಕ ಬೇರೆ ಮಾತಾಡುತ್ತಿರಲಿಲ್ಲ.

ಒಂದು ಬೆಳಿಗ್ಗೆ ದಾರಿಯಲ್ಲಿ ಎಂಜಿನ್ನಿಗೆ ನೀರು ಹೋಗುವ ಪೈಪು ಒಡೆಯಿತು. ಎಂಜಿನ್ ಬಿಸಿಯೇರುತ್ತಿರುವುದನ್ನು ಮೀಟರಿನ ಮುಳ್ಳು ತೋರಿಸುತ್ತಿತ್ತಂತೆ. ಮುಂದೆ ಕುಳಿತಿದ್ದ ನಮ್ಮವರು ಅದನ್ನು ಹೇಳಿದರು. ಆದರೆ ಆ ದಿನ ಹುಡುಗಿಗೆ ಉಸಿರಾಟ ಕಷ್ಟವಾಗಿತ್ತು. ವ್ಯಾನಕ್ಕ ಒಮ್ಮೆ ಮುಳ್ಳನ್ನು, ಒಮ್ಮೆ ಕನ್ನಡಿಯಲ್ಲಿ ಹುಡುಗಿಯನ್ನು ನೋಡುತ್ತ ಓಡಿಸಿದರು. ನಂಜನಗೂಡು ಇನ್ನೂ ದೂರ ಇರುವಾಗಲೇ ಬಾನೆಟ್ಟಿನಿಂದ ಬಿಳಿ ಹೊಗೆ ಎದ್ದು, ಕಬ್ಬಿಣ ಕಬ್ಬಿಣವನ್ನು ಕಚ್ಚಿದಂಥ ಸದ್ದಾಗಿ ವ್ಯಾನು ನಾಲೆಯ ಪಕ್ಕದಲ್ಲಿ ನಿಂತುಬಿಟ್ಟಿತು. ಅವರು ರಸ್ತೆಯ ಮಧ್ಯೆ ಹೋಗಿ ಎರಡೂ ಕೈ ಚಾಚಿ ನಿಂತು, ಡೈರಿಗೆ ಹೋಗುತ್ತಿದ್ದ ಹಾಲಿನ ಗಾಡಿಯೊಂದನ್ನು ತಡೆದರು. ಮೂವರೂ ಹಾಲಿನ ಕ್ಯಾನುಗಳ ನಡುವೆ ಕುಳಿತು ಆಸ್ಪತ್ರೆ ಸೇರಿದರು. ಆ ದಿನಕ್ಕೆ ತೊಂದರೆಯಾಗಲಿಲ್ಲ.

ತಾಂಡ್ಯದ ರಸ್ತೆಯಲ್ಲಿ ಶೆಡ್ಡು ಇಟ್ಟಿದ್ದ ಮೆಕ್ಯಾನಿಕ್ ಅವರ ಗಂಡನ ಹಳೆಯ ಸ್ನೇಹಿತ. ಎಂಜಿನ್ ಬಿಚ್ಚಿ ನೋಡಿ, ಪಿಸ್ಟನ್ನುಗಳು ಅಂಟಿಕೊಂಡಿವೆ, ಎಂಜಿನ್ನಿನ ಮೈಯಾದ ಬ್ಲಾಕೇ ಸೀಳಿಹೋಗಿದೆ ಎಂದ. ಇದನ್ನು ಮರೆತುಬಿಡಿ, ಮೈಸೂರಿನ ಗುಜರಿಯಲ್ಲಿ ಇದೇ ಮಾದರಿಯ ಎಂಜಿನ್ ಸಿಗುತ್ತದೆ, ತಂದುಕೊಟ್ಟರೆ ಒಂದೇ ದಿನದಲ್ಲಿ ಕೂರಿಸಿ ಕೊಡುತ್ತೇನೆ ಎಂದು ಆವತ್ತೇ ಹೇಳಿದ. ಸುದ್ದಿ ತಿಳಿದು ನಮ್ಮವರನ್ನು ಕರೆತರಲು ಹೋಗಿದ್ದ ನಾನೂ, ನಮ್ಮವರೂ ಆಗ ಅಲ್ಲಿದ್ದೆವು. ವ್ಯಾನಕ್ಕ ಬಿಚ್ಚಿಟ್ಟ ಎಂಜಿನ್ನಿನ ಮುಂದೆ ಕುಕ್ಕರಗಾಲಲ್ಲಿ ಕುಳಿತಿದ್ದರು.

"ಇದ್ನೇ ಸರಿ ಮಾಡ್ಕೊಡಣ್ಣ" ಎಂದರು.

ಆಗುವುದಿಲ್ಲ ಎಂದು ಆತ ಎರಡೆರಡು ಸಲ ವಿವರಿಸಿದ. ಅವರು ಬೇರೇನೂ ವಾದಿಸಲಿಲ್ಲ. ಅದೇ ಮಾತನ್ನು ಅದೇ ದನಿಯಲ್ಲಿ ಮತ್ತೆ ಹೇಳಿದರು. ಸ್ನೇಹಿತನ ಹೆಂಡತಿ, ಆತನಿಗೂ ಖಂಡಿತವಾಗಿ ಇಲ್ಲ ಎನ್ನಲಾಗಲಿಲ್ಲ. ಬ್ಲಾಕನ್ನು ಬೆಸುಗೆ ಹಾಕಿಸಲು ಮೈಸೂರಿಗೆ ಕಳಿಸಿದ.

ಬೆಸುಗೆ ಮುಗಿಯುವ ಮೊದಲೇ ಮುಂದಿನ ಡಯಾಲಿಸಿಸ್ ದಿನ ಬಂತು. ಹಿಂದಿನ ಸಂಜೆ ವ್ಯಾನಕ್ಕ ಒಬ್ಬೊಬ್ಬರಿಗೂ ಫೋನು ಮಾಡಿ, ಗಾಡಿ ಬರುವುದಿಲ್ಲ ಎಂದು ಹೇಳಿದರು. ನಾನು ರಜೆ ಹಾಕಿ ನಮ್ಮವರನ್ನು ಆಟೋದಲ್ಲಿ, ಆಮೇಲೆ ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಹುಡುಗಿಯನ್ನು ಅವಳ ಅಣ್ಣ ಬೈಕಿನಲ್ಲಿ ತನ್ನ ಬೆನ್ನಿಗೆ ದುಪಟ್ಟಾದಿಂದ ಕಟ್ಟಿಕೊಂಡು ತಂದ. ಬಂದವರೆಲ್ಲ ತಡವಾಗಿ, ಬೇರೆ ಬೇರೆ ಹೊತ್ತಿಗೆ ಬಂದದ್ದರಿಂದ, ಯಾವ ಯಂತ್ರ ಯಾವಾಗ ಖಾಲಿಯಾಗುತ್ತದೋ ಆಗ ಒಬ್ಬೊಬ್ಬರನ್ನೇ ಮಲಗಿಸಿದರು. ಯಾರು ಬಂದರು, ಯಾರು ಬರಲಿಲ್ಲ ಎಂಬುದು ನಮಗೆ ತಿಳಿಯಲಿಲ್ಲ. ಬರುವಾಗ ಬಸ್ಸಿನಲ್ಲಿ ನಮ್ಮವರು ನನ್ನ ಭುಜದ ಮೇಲೆ ವಾಂತಿ ಮಾಡಿಕೊಂಡು, ಇನ್ನು ನನ್ನಿಂದ ಆಗುವುದಿಲ್ಲ, ಬಿಟ್ಟುಬಿಡೋಣ ಎಂದರು. ಏನನ್ನು ಬಿಡುವುದು ಎಂದು ನಾನು ಕೇಳಲಿಲ್ಲ. ನನಗೆ ಗೊತ್ತಿತ್ತು.

ಅಯ್ಯನವರನ್ನು ವ್ಯಾನಕ್ಕ ಆ ಸಂಜೆ ಫೋನಿನಲ್ಲಿ ವಿಚಾರಿಸಿದರು. ಹೋಗಿಬಂದೆ, ಎಲ್ಲ ಚೆನ್ನಾಗಿ ಆಯಿತು, ನೀನು ಗಾಡಿ ಕಡೆ ನೋಡು ಎಂದು ಅವರು ಹೇಳಿದರಂತೆ.

ಬೆಸುಗೆ ಹಾಕಿದ ಬ್ಲಾಕು ಮರುದಿನ ಬಂತು. ನೀರು ತುಂಬಿ ಪರೀಕ್ಷೆ ಮಾಡುವಾಗ ಹಳೆಯ ಸೀಳಿನ ಪಕ್ಕದಲ್ಲೇ ಹೊಸದೊಂದು ಬಾಯಿ ಬಿಟ್ಟಿತು. ಮೆಕ್ಯಾನಿಕ್ ಕೈ ಒರೆಸಿಕೊಂಡ. ವ್ಯಾನಕ್ಕ ಶೆಡ್ಡಿನಿಂದಲೇ ನನಗೆ ಫೋನು ಮಾಡಿ, ಗುಜರಿಗೆ ಹೋಗಬೇಕು, ಕಾಗದ ಪತ್ರ ನೋಡೋಕೆ ನೀವು ಬನ್ನಿ ಎಂದರು. ಅವರ ದನಿಯಲ್ಲಿ ಅಳು ಇರಲಿಲ್ಲ, ಆತುರ ಇತ್ತು.

ಮೈಸೂರಿನ ಆ ಗುಜರಿಯನ್ನು ನಾನು ಮರೆಯಲಾರೆ. ಬಾಗಿಲುಗಳದ್ದೇ ಒಂದು ಗುಡ್ಡೆ, ಸೀಟುಗಳದ್ದೇ ಒಂದು ಗುಡ್ಡೆ. ಎಂಜಿನ್ನುಗಳನ್ನು ಟಾರ್ಪಾಲಿನ ಕೆಳಗೆ ಸಾಲಾಗಿ ಇಟ್ಟಿದ್ದರು. ಅಂಗಡಿಯವನು ಮೊದಲು ಒಂದು ದೊಡ್ಡ ಎಂಜಿನ್ ತೋರಿಸಿದ. ಬೇರೆ ಮಾದರಿಯದು, ಇದಕ್ಕೆ ಶಕ್ತಿ ಜಾಸ್ತಿ, ಗಾಡಿಯ ಅಡಿಯ ಚೌಕಟ್ಟು, ಚಾಸಿಸ್, ಸ್ವಲ್ಪ ಕತ್ತರಿಸಿ ಕೂರಿಸಬಹುದು ಎಂದ. ನಮ್ಮ ಜೊತೆ ಬಂದಿದ್ದ ಮೆಕ್ಯಾನಿಕ್ ಬೇಡವೆಂದು ತಲೆಯಾಡಿಸಿದ. ಕತ್ತರಿಸುತ್ತ ಕುಳಿತರೆ ವಾರ ಹಿಡಿಯುತ್ತದೆ, ಆಮೇಲೆ ಆರ್‌ಟಿಓದವರು ಒಪ್ಪುವುದಿಲ್ಲ. ಎರಡನೆಯದು ನಮ್ಮದೇ ಮಾದರಿ, ಹೊಸ ಬಣ್ಣ ಬಳಿದು ಫಳಫಳ ಮಾಡಿದ್ದರು. ಆದರೆ ಅದು ಯಾವ ಗಾಡಿಯದು ಎಂಬುದಕ್ಕೆ ಯಾವ ದಾಖಲೆಯೂ ಇರಲಿಲ್ಲ, ನಂಬರು ಇರಬೇಕಾದ ಜಾಗದ ಮೇಲೂ ಬಣ್ಣ ದಪ್ಪವಾಗಿ ಕೂತಿತ್ತು. ಮೂರನೆಯದು ಮೂಲೆಯಲ್ಲಿತ್ತು. ಎಣ್ಣೆ ಜಿಡ್ಡು, ಮಣ್ಣು ಮೆತ್ತಿಕೊಂಡಿದ್ದ, ಅಪಘಾತದ ಗಾಡಿಯಿಂದ ತೆಗೆದ ಎಂಜಿನ್ನು. ಅದರ ಕಾಗದಗಳೆಲ್ಲ ಸರಿಯಾಗಿದ್ದವು.

ವ್ಯಾನಕ್ಕ ಅದರ ಮುಂದೆ ನಿಂತು, ಆ ಗಾಡಿಯಲ್ಲಿ ಯಾರಾದರೂ ಸತ್ತರೇ ಎಂದು ಕೇಳಿದರು. ಅಂಗಡಿಯವನು ನನ್ನ ಮುಖ, ಮೆಕ್ಯಾನಿಕ್ಕನ ಮುಖ ನೋಡಿ, ಡ್ರೈವರು ಎಂದ. ನನಗೆ ಬೇಡ ಎನಿಸಿತು. ಮೊದಲೇ ಸಾವಿನ ಬಾಯಿಗೆ ಹೋಗಿಬರುವ ಜನ. ಅವರನ್ನು ಇಂಥ ಎಂಜಿನ್ನಿನ ಹಿಂದೆ ಕೂರಿಸುವುದೇ ಎಂದು ನಾನು ಅವರ ಕಿವಿಯಲ್ಲಿ ಹೇಳಿದೆ. ಬಣ್ಣ ಬಳಿದದ್ದನ್ನೇ ನೋಡೋಣ ಎಂದೆ. ಅವರು ಅಂಗಡಿಯವನ ಕಡೆ ತಿರುಗಿ ಹೇಳಿದರು:

"ಸತ್ತೋನು ಸತ್ತ, ಪಾಪ. ಇದು ಓಡ್ತದಾ ಯೋಳಿ."

ಮೆಕ್ಯಾನಿಕ್ ಬ್ಯಾಟರಿ ತಂದು ತಂತಿ ಕೊಟ್ಟು, ಸಣ್ಣ ಕ್ಯಾನಿನಿಂದ ಡೀಸೆಲ್ ಬಿಟ್ಟ. ನೆಲದ ಮೇಲೆ ಕುಳಿತ ಆ ಎಂಜಿನ್ನು ಒಂದೇ ಸಲಕ್ಕೆ ಹೊತ್ತಿಕೊಂಡಿತು. ಕೆಮ್ಮಲಿಲ್ಲ, ತಡವರಿಸಲಿಲ್ಲ. ಆಯಿಲ್ ಹಾಕುವ ಬಾಯಿಯ ಮುಚ್ಚಳ ತೆಗೆದು ಅಲ್ಲಿಂದ ಹೊಗೆ ಬರುತ್ತದೆಯೇ ಎಂದು ಬಹಳ ಹೊತ್ತು ನೋಡಿ, ಒಳಗೆ ಸವೆದಿಲ್ಲ, ಇದನ್ನೇ ತಗೊಳ್ಳಿ ಎಂದ. ಹಳೆಯ ಎಂಜಿನ್ ಕೊಟ್ಟರೆ ಬೆಲೆಯಲ್ಲಿ ಹಿಡಿದುಕೊಳ್ಳುತ್ತೇನೆ ಎಂದು ಅಂಗಡಿಯವನು ಹೇಳಿದಾಗ ಮಾತ್ರ ವ್ಯಾನಕ್ಕ ಕೊಡಲ್ಲ ಎಂದುಬಿಟ್ಟರು. ಹೊರಗೆ ಬಂದು, ಗೇಟಿನ ಪಕ್ಕದ ನಲ್ಲಿಯಲ್ಲಿ ಮುಖ ತೊಳೆದರು. ತೊಳೆಯುತ್ತಲೇ ಇದ್ದರು. ಸಾಕು ಅಕ್ಕ ಎಂದು ನಾನೇ ನಲ್ಲಿ ನಿಲ್ಲಿಸಬೇಕಾಯಿತು.

ಮಾರನೆಯ ದಿನ ಸಂಜೆಗೆ ಎಂಜಿನ್ ವ್ಯಾನಿನೊಳಗೆ ಕುಳಿತಿತ್ತು. ಅದರ ಮರುದಿನವೇ ಡಯಾಲಿಸಿಸ್. ನಮ್ಮವರ ಸ್ಥಿತಿ ನೋಡಿ ಆ ದಿನವೂ ನಾನು ಜೊತೆಗೆ ಹೊರಟೆ. ಹೊಸ ಎಂಜಿನ್ನಿನ ಸದ್ದು ಹಗುರವಾಗಿತ್ತು, ವ್ಯಾನು ತೇಲಿದಂತೆ ಹೋಗುತ್ತಿತ್ತು. ಹುಡುಗಿ ಬಹಳ ದಿನದ ಮೇಲೆ ನಕ್ಕಳು. ಅಯ್ಯನವರ ಕೋಣೆಯ ಬಾಗಿಲು ತಟ್ಟಲು ಹೋದ ವ್ಯಾನಕ್ಕ ಹಿಂದಿರುಗಲಿಲ್ಲ. ಏನಾಯಿತೆಂದು ನಾನೂ ಹುಡುಗಿಯ ಅಣ್ಣನೂ ಇಳಿದು ಹೋದೆವು.

ಅಯ್ಯನವರು ಗೋಡೆಗೆ ಒರಗಿ ಕುಳಿತಿದ್ದರು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲವಂತೆ. ಕಾಲು ಮಂಡಿಯವರೆಗೆ ಊದಿ ಮಿಣಮಿಣ ಹೊಳೆಯುತ್ತಿತ್ತು. ಮುಖ ಗುರುತು ಸಿಗದ ಹಾಗಿತ್ತು. ವ್ಯಾನು ಇಲ್ಲದ ಆ ದಿನ, ಬಸ್ ನಿಲ್ದಾಣದವರೆಗೆ ನಡೆಯಲಾಗದೆ ಅವರು ಅರ್ಧ ದಾರಿಯಿಂದ ವಾಪಸು ಬಂದಿದ್ದರು. ತಮಗೆ ತೊಂದರೆ ಕೊಡಬಾರದೆಂದು ಸುಳ್ಳು ಹೇಳಿದ್ದಾರೆ ಎಂದು ವ್ಯಾನಕ್ಕನಿಗೆ ಆಗ ಗೊತ್ತಾಯಿತು. ಅವರು ಬೈಯಲಿಲ್ಲ. ಅಯ್ಯನವರನ್ನು ಎತ್ತುವುದಕ್ಕೆ ನಾವು ಮೂವರೂ ಸೇರಬೇಕಾಯಿತು.

ಹೊಸದಾಗಿ ಕೂರಿಸಿದ ಎಂಜಿನ್ನು, ಕೆಲವು ದಿನ ನಿಧಾನವಾಗಿ ಓಡಿಸಿ ಎಂದು ಮೆಕ್ಯಾನಿಕ್ ಹೇಳಿದ್ದ. ಆ ದಿನ ವ್ಯಾನಕ್ಕ ಕಾಲನ್ನು ಆಕ್ಸಿಲರೇಟರಿನಿಂದ ಮೇಲೆ ಎತ್ತಲೇ ಇಲ್ಲ. ನಾನು ಅಯ್ಯನವರ ತಲೆಯನ್ನು ಹಿಡಿದುಕೊಂಡು ಕುಳಿತಿದ್ದೆ. ಹೊಲ, ತೋಪು, ಊರು ಎಲ್ಲ ಹಿಂದಕ್ಕೆ ಓಡುತ್ತಿದ್ದವು. ಇನ್ನೇನು ನಂಜನಗೂಡು ಸಿಕ್ಕಿತು ಎನ್ನುವಾಗ ಅಯ್ಯನವರು ಕಣ್ಣು ತೆರೆದು, ಉಸಿರಿನ ನಡುವೆ ಒಂದೊಂದೇ ಮಾತು ಸೇರಿಸಿ ಕೇಳಿದರು.

"ಸದ್ದು ಬ್ಯಾರೆ ಆಗದಲ್ಲವ್ವ."

"ಎಂಜಿನ್ ಬದ್ಲಾಯ್ಸಿದೀನಿ ಅಯ್ನೋರೆ" ಎಂದರು ವ್ಯಾನಕ್ಕ, ರಸ್ತೆಯ ಮೇಲಿಂದ ಕಣ್ಣು ತೆಗೆಯದೆ.

"ಚೆಂದಾಗದೆ. ಮೊದ್ಲೇ ಬದ್ಲಾಯ್ಸ್ಬೇಕಿತ್ತು ಕಣವ್ವ."

ಅವರು ಹೇಳಿದ್ದು ಸದ್ದಿನ ಬಗ್ಗೆ ಮಾತ್ರ. ಆ ಮನುಷ್ಯನ ಮನಸ್ಸಿನಲ್ಲಿ ಬೇರೆ ಅರ್ಥ ಇರಲು ಸಾಧ್ಯವೇ ಇರಲಿಲ್ಲ. ಮೆಕ್ಯಾನಿಕ್ ಮೊದಲ ದಿನ ಹೇಳಿದ್ದೇನೆಂದು ಅವರಿಗೆ ತಿಳಿದಿರಲೂ ಇಲ್ಲ. ನಾನು ಕನ್ನಡಿಯಲ್ಲಿ ವ್ಯಾನಕ್ಕನ ಮುಖ ನೋಡಲು ಹೋಗಿ, ನೋಡದೆ ತಲೆ ತಗ್ಗಿಸಿದೆ.

ಆಸ್ಪತ್ರೆ ತಲುಪುವವರೆಗೂ ಅಯ್ಯನವರಿಗೆ ಜೀವ ಇತ್ತು. ನೇರವಾಗಿ ತುರ್ತು ಚಿಕಿತ್ಸೆಗೆ ಒಯ್ದರು. ಮಧ್ಯಾಹ್ನದ ಹೊತ್ತಿಗೆ ಹೃದಯ ನಿಂತಿತು. ಎಂಜಿನ್ನಿನಲ್ಲಿ ಒಂದಿಷ್ಟೂ ದೋಷ ಇರಲಿಲ್ಲ. ಇದ್ದಿದ್ದರೆ ವ್ಯಾನಕ್ಕನಿಗೆ ಎಷ್ಟೋ ಸಮಾಧಾನವಾಗುತ್ತಿತ್ತೇನೋ.

ಆಸ್ಪತ್ರೆಯ ಜಗುಲಿಯಲ್ಲಿ ನಾನೂ ವ್ಯಾನಕ್ಕನೂ ಇಬ್ಬರೇ ಕುಳಿತಿದ್ದೆವು. ಅಯ್ಯನವರ ಹೃದಯ ಮೊದಲೇ ದುರ್ಬಲವಾಗಿತ್ತು, ಒಂದು ಸಲ ತಪ್ಪಿದ್ದರಿಂದಲೇ ಹೀಗಾಯಿತು ಎಂದು ಹೇಳಲಾಗದು ಎಂದು ಡಾಕ್ಟರು ಹೇಳಿದ್ದನ್ನು ಅವರಿಗೆ ಹೇಳಿದೆ. ಅವರು ಕೇಳಿಸಿಕೊಂಡರು. ನನಗೋ ತಮಗೋ ಹೇಳಿಕೊಳ್ಳುವಂತೆ ಹೇಳಿದರು:

"ಸತ್ತ ಗಂಡನ್ ಎಂಜಿನ್ನ ಬದುಕ್ಸಕ್ಕೋದೆ ಟೀಚರಮ್ಮ. ಬದುಕಿದ್ದೋರ್ನ ನೋಡ್ನಿಲ್ಲ."

ಅಲ್ಲ ಎಂದರೆ ಸುಳ್ಳಾಗುತ್ತಿತ್ತು, ಹೌದು ಎನ್ನಲು ನನಗೆ ಯಾವ ಹಕ್ಕೂ ಇರಲಿಲ್ಲ. ಅವರಿಲ್ಲದಿದ್ದರೆ ನಮ್ಮವರು ಅಲ್ಲಿಯವರೆಗೂ ಉಳಿಯುತ್ತಿರಲಿಲ್ಲ. ಅವರ ಕೈ ಹಿಡಿದುಕೊಂಡೆ. ಗ್ರೀಸು ಮೆತ್ತಿ ಒರಟಾಗಿತ್ತು ಆ ಕೈ. ಒಳಗೆ ಡಯಾಲಿಸಿಸ್ ಮುಗಿಸಿದ ಇಬ್ಬರು ಕಾಯುತ್ತಿದ್ದಾರೆ ಎಂದು ನರ್ಸು ಬಂದು ಹೇಳಿದಾಗ ಕೈ ಬಿಡಿಸಿಕೊಂಡು ಎದ್ದರು. ಬರುವಾಗ ವ್ಯಾನಿನಲ್ಲಿ ಯಾರೂ ಯಾವ ಅಡುಗೆಯ ಮಾತೂ ಆಡಲಿಲ್ಲ.

ಆ ವಾರವೇ ಅವರು ಶೆಡ್ಡಿನಲ್ಲಿದ್ದ ಗಂಡನ ಎಂಜಿನ್ನನ್ನು ಗೂಡ್ಸ್ ಆಟೋಗೆ ಹೇರಿಸಿಕೊಂಡು, ತಾವೇ ಮುಂದೆ ಕುಳಿತು ಹೋಗಿ ಗುಜರಿಗೆ ಕೊಟ್ಟು ಬಂದರಂತೆ. ಮೆಕ್ಯಾನಿಕ್ ಬೇಡ ಎಂದು ತಡೆದನಂತೆ, ಸ್ನೇಹಿತನ ನೆನಪಿಗೆ ನಾನೇ ಇಟ್ಟುಕೊಳ್ಳುತ್ತೇನೆ ಎಂದನಂತೆ. ಅವರು ಒಪ್ಪಲಿಲ್ಲ. ವರುಣದ ಕಡೆಯ ಒಬ್ಬ ವ್ಯಾನಿನವನ ಹತ್ತಿರ ಮಾತಾಡಿ, ತಮ್ಮ ಗಾಡಿ ಕೆಟ್ಟ ದಿನ ಅವನು ಬರುವಂತೆ ಗೊತ್ತು ಮಾಡಿಕೊಂಡರು. ಆಮೇಲೆ ಯಾರಾದರೂ ಫೋನಿನಲ್ಲಿ ಚೆನ್ನಾಗಿದ್ದೇನೆ ಎಂದರೆ ನಂಬುತ್ತಿರಲಿಲ್ಲ. ನಮ್ಮವರು ಒಂದು ಸಲ ಜ್ವರ ಎಂದು ಮಲಗಿದಾಗ, ನಾನು ಫೋನಿನಲ್ಲಿ ಎಲ್ಲ ಹೇಳಿದ ಮೇಲೂ, ಮಳೆಯಲ್ಲಿ ನೆನೆದುಕೊಂಡು ಬಂದು ಕಣ್ಣಾರೆ ನೋಡಿ ಹೋದರು. ಮೊದಲಿನ ನಗು ಮಾತ್ರ ವಾಪಸು ಬರಲಿಲ್ಲ. ಅಯ್ಯನವರ ಜಾಗಕ್ಕೆ ಬೇರೆ ರೋಗಿ ಬಂದರು, ಅವರ ನಂತರ ಇನ್ನೊಬ್ಬರು. ಎಂಜಿನ್ನು ಒಂದು ದಿನವೂ ತೊಂದರೆ ಕೊಡದೆ ಓಡಿತು.

ಮೊನ್ನೆ ಮೊನ್ನೆ, ನಂಜನಗೂಡಿಗೆ ಸ್ವಲ್ಪ ದೂರವಿರುವಾಗ ವ್ಯಾನಕ್ಕನಿಗೆ ಸ್ಟೀರಿಂಗ್ ಹಿಡಿದ ಹಾಗೆಯೇ ಎದೆನೋವು ಬಂತು. ಅವರು ಇಂಡಿಕೇಟರ್ ಹಾಕಿ, ವ್ಯಾನನ್ನು ರಸ್ತೆಯ ಪಕ್ಕಕ್ಕೆ ತಂದು, ಹ್ಯಾಂಡ್‌ಬ್ರೇಕ್ ಎಳೆದು, ಹುಡುಗಿಯ ಅಣ್ಣನನ್ನು ಕರೆದು ತಮ್ಮ ಸೀಟಿನಲ್ಲಿ ಕೂರಿಸಿದರು. ತಾವು ಹಿಂದೆ ಬಂದು ನಮ್ಮವರ ಪಕ್ಕ ಕುಳಿತರು. ಬೆವರು ಸೀರೆಯಿಂದ ತೊಟ್ಟಿಕ್ಕುತ್ತಿತ್ತಂತೆ. ಆಸ್ಪತ್ರೆ ಬಾಗಿಲಲ್ಲಿ ಹುಡುಗಿಯ ಅಣ್ಣ ಸ್ಟ್ರೆಚರ್ ತರಲು ಓಡಿದಾಗ, ನಮ್ಮವರು ಅವರನ್ನು ಬಿಟ್ಟು ಇಳಿಯಲು ಒಪ್ಪಲಿಲ್ಲ. ವ್ಯಾನಕ್ಕ ಸೀಟಿನ ಕಂಬಿ ಹಿಡಿದುಕೊಂಡು ಹೇಳಿದರಂತೆ:

"ನೀವು ನಡೀರಿ ಸಾ. ಲೇಟಾದ್ರೆ ಬೆಡ್ ಇನ್ಯಾರ್ಗೋ ಕೊಟ್ಬುಡ್ತರೆ."

ಆ ಮಾತನ್ನು ಮೀರಲಾಗದೆ ನಮ್ಮವರು ಹೋದರು. ಹುಡುಗಿಯೂ ಹೋದಳು. ಸಮಯಕ್ಕೆ ಸರಿಯಾಗಿ ಇಬ್ಬರನ್ನೂ ಮಲಗಿಸಿ ಸೂಜಿ ಚುಚ್ಚಿದರು, ಯಂತ್ರ ಓಡಲು ಶುರುವಾಯಿತು. ಸ್ವಲ್ಪ ಹೊತ್ತಿಗೆ ನರ್ಸು ಬಂದು, ಕೆಳಗೆ ವ್ಯಾನಕ್ಕ ತೀರಿಕೊಂಡ ಸುದ್ದಿ ಹೇಳಿದರು. ಹೋಗಿ ಒಮ್ಮೆ ಮುಖ ನೋಡಿ ಬರುತ್ತೇವೆ ಎಂದು ಇಬ್ಬರೂ ಬೇಡಿಕೊಂಡರಂತೆ. ಆದರೆ ರಕ್ತ ಹೊರಗೆ ಹರಿಯುತ್ತಿರುವಾಗ ಏಳುವ ಹಾಗಿಲ್ಲ. ಯಂತ್ರ ತನ್ನ ಕೆಲಸ ಮುಗಿಸುವವರೆಗೂ ಅವರು ಅಲ್ಲೇ ಮಲಗಿರಬೇಕಾಯಿತು. ಸೂಜಿ ಚುಚ್ಚಿದ ಕೈಯನ್ನು ಅಲುಗಿಸುವಂತಿರಲಿಲ್ಲ. ಕಣ್ಣೊರೆಸಿಕೊಳ್ಳಲು ಒಬ್ಬೊಬ್ಬರಿಗೂ ಇದ್ದದ್ದು ಒಂದೊಂದೇ ಕೈ.